ಆಪರೇಷನ್ 15 ನಿಮಿಷ, ಡ್ರಾಪ್ಸ್ ತಿಂಗಳುಗಟ್ಟಲೆ ಯಾಕೆ?

(1/4) ಪೊರೆ ಆಪರೇಷನ್ ಹೊಸದೇನಲ್ಲ ಫ್ರೆಂಡ್ಸ್. ಸುಶ್ರುತ ಸಂಹಿತೆಯಲ್ಲೇ ಇದೆ. ಆಗ ಪೊರೆಯನ್ನ ಹೊರಗೆ ತೆಗೀತಿರಲಿಲ್ಲ, ಕಣ್ಣೊಳಗೇ ಪಕ್ಕಕ್ಕೆ ತಳ್ತಿದ್ರು. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಕಣ್ಣು ಕೊಯ್ದು ಹೊರಗೇ ತೆಗೆದ. ಆದರೆ ಮಸೂರ ಹೋದಮೇಲೆ ಸೋಡಾಬುಡ್ಡಿ ಕನ್ನಡಕವೇ ಗತಿ. ನಮ್ಮ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ಮಾಡ್ತಿದ್ದ ಕಾಲದಲ್ಲೂ ಆ ಕನ್ನಡಕ ಮಾಮೂಲಾಗಿತ್ತು.

(2/4) ಈಗ ಬನ್ನಿ ಲಂಡನ್‌ಗೆ. ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳ ಕಣ್ಣಿಗೆ ವಿಮಾನದ ಪ್ಲಾಸ್ಟಿಕ್ ಚೂರು ಹೊಕ್ಕಿದ್ವು. ಎಷ್ಟೋ ಕಣ್ಣುಗಳು ಆ ಚೂರುಗಳನ್ನ ಸುಮ್ಮನೆ ಸಹಿಸಿಕೊಂಡಿದ್ವು. ಇದನ್ನ ಗಮನಿಸಿದ ಡಾಕ್ಟರ್ ಹೆರಾಲ್ಡ್ ರಿಡ್ಲಿ, ಅದೇ ಥರದ ಪ್ಲಾಸ್ಟಿಕ್‌ನಲ್ಲಿ ಲೆನ್ಸ್ ಮಾಡಿಸಿ 29 ನವೆಂಬರ್ 1949ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯ ಕಣ್ಣಲ್ಲಿ ಕೂರಿಸಿದ. ಅದೂ ಗುಟ್ಟಾಗಿ! ದೊಡ್ಡ ದೊಡ್ಡ ಡಾಕ್ಟರ್‌ಗಳೇ ವಿರೋಧಿಸಿದ್ರು. ಅವರ ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ. ಮೊದಮೊದಲ ಕೇಸ್‌ಗಳಲ್ಲಿ ಕಣ್ಣೊಳಗೆ ಜೋರಾಗಿ ಉರಿಯೂತ ಆಗ್ತಿತ್ತು.

(3/4) ನನಗೆ ಮಜಾ ಅನಿಸಿದ್ದು ಇದು. ಅದೇ 1949ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ತಂಡ, ಕಾರ್ಟಿಸೋನ್ ಕೊಟ್ಟರೆ ಸಂಧಿವಾತದ ಊತ ಇಳಿಯುತ್ತೆ ಅಂತ ಪ್ರಕಟಿಸಿತು. ಕೀಲುನೋವಿಗೂ ಕಣ್ಣಿಗೂ ಏನು ಸಂಬಂಧ ಅಂತೀರಾ? ಎರಡೂ ಕಡೆ ಶತ್ರು ಉರಿಯೂತವೇ. ಮರುವರ್ಷ ಹೆಂಚ್, ಕೆಂಡಲ್, ರೈಷ್‌ಸ್ಟೈನ್ ಮೂವರಿಗೂ ನೊಬೆಲ್. ಸ್ವಲ್ಪದರಲ್ಲೇ ಕಣ್ಣಿಗೂ ಸ್ಟೆರಾಯ್ಡ್ ಬಂತು. ಲೆನ್ಸ್ ಗೆದ್ದಿದ್ದಕ್ಕೆ ಇದೊಂದೇ ಕಾರಣ ಅಲ್ಲ, ಲೆನ್ಸ್ ವಿನ್ಯಾಸ, ಆಪರೇಷನ್ ವಿಧಾನ ಎಲ್ಲ ಸುಧಾರಿಸಿತು. ಆದ್ರೂ ಕಥೆ ಹೇಳುವವರೆಲ್ಲ ವಿಮಾನದ ಚೂರನ್ನ ಹೇಳ್ತಾರೆ, ಬಾಟಲಿಯನ್ನ ಬಿಟ್ಟುಬಿಡ್ತಾರೆ.

(4/4) ಸ್ಟೆರಾಯ್ಡ್‌ಗೂ ಒಂದು ತಕರಾರು ಇತ್ತು. ಕೆಲವರಿಗೆ ಕಣ್ಣಿನ ಒತ್ತಡ ಏರುತ್ತೆ, ಗ್ಲಾಕೋಮಾ ತನಕ ಹೋಗಬಹುದು. 1971ರಲ್ಲಿ ಜಾನ್ ವೇನ್, ಆಸ್ಪಿರಿನ್ ಥರದ ಔಷಧಿಗಳು ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ತಯಾರಾಗದಂತೆ ತಡೆಯುತ್ತವೆ ಅಂತ ತೋರಿಸಿದ. ಊತ, ನೋವು ತರಿಸೋ ರಾಸಾಯನಿಕ ಅದು. ಆ ಜಾತಿಯದೇ ಡೈಕ್ಲೋಫೆನಾಕ್‌ನ ಡ್ರಾಪ್ಸ್‌ಗೆ ಪೊರೆ ಆಪರೇಷನ್ ನಂತರ ಬಳಸಲು ಅಮೆರಿಕದಲ್ಲಿ 1991ರಲ್ಲಿ ಒಪ್ಪಿಗೆ ಸಿಕ್ಕಿತು.

ನಮ್ಮಜ್ಜಿಗೆ ಆಪರೇಷನ್ ಆದಾಗ ಡ್ರಾಪ್ಸ್ ಡ್ಯೂಟಿ ನಂದೇ. ಸ್ಟೆರಾಯ್ಡ್ ಚೀಟಿ ನೋಡಿದ್ರೆ ಥೇಟ್ ನಮ್ಮ ಡಿಪ್ರಿಸಿಯೇಷನ್ ಟೇಬಲ್: ಮೊದಲ ವಾರ ದಿನಕ್ಕೆ ನಾಲ್ಕು ಸಲ, ಆಮೇಲೆ ಮೂರು, ಎರಡು, ಒಂದು. ಹತ್ತನೇ ದಿನ ಅಜ್ಜಿ ಶುರು ಮಾಡಿದ್ರು, "ಚೆನ್ನಾಗಿ ಕಾಣ್ತಿದೆಯಲ್ಲೋ, ಇನ್ಯಾಕೆ ಹಾಕ್ತೀಯಾ?" ಡ್ರಾಪ್ಸ್ ಬೀಳ್ತಿರೋದಕ್ಕೇ ಕಣ್ಣು ತಣ್ಣಗಿರೋದು ಅಜ್ಜಿ, ಅಂದೆ. ಮಧ್ಯದಲ್ಲಿ ನಿಲ್ಲಿಸಿದ್ರೆ ಊತ ವಾಪಸ್ ಬರಬಹುದು. ಇನ್ನು ಕೆಲವರು ಉಲ್ಟಾ, ಆರು ತಿಂಗಳಾದ ಮೇಲೆ ಕಣ್ಣು ಕೆಂಪಾಯ್ತು ಅಂತ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಲ್ಲಿ ಅದೇ ಸ್ಟೆರಾಯ್ಡ್ ತಂದು ಹಾಕ್ಕೋತಾರೆ. ಒತ್ತಡ ಏರೋದು ನೋವಿಲ್ಲದೇನೇ, ಗೊತ್ತೇ ಆಗಲ್ಲ.

ನಿಮ್ಮನೇಲಿ ಡ್ರಾಪ್ಸ್ ಡ್ಯೂಟಿ ಯಾರದ್ದು? ಕಾಮೆಂಟ್ ಮಾಡಿ.