ಮೆಲ್ಲಗೆ ಬಾರಿಸು ಅಂದವರು ಯಾರು?

ವಾದ್ಯಕ್ಕೆ ಜಾತಿ ಇಲ್ಲ ಅಂತ ಹೇಳುವವರು ಇದ್ದಾರೆ. ಇರಲಿ, ವಾದ್ಯಕ್ಕೆ ಇಲ್ಲ. ಆದರೆ ಅದನ್ನು ಎಷ್ಟು ಜೋರಾಗಿ ಬಾರಿಸಬೇಕು, ಎಷ್ಟು ದೂರದಲ್ಲಿ ನಿಂತು ಬಾರಿಸಬೇಕು, ಯಾವ ಬಾಗಿಲಿನ ಆಚೆಗೆ ನಿಲ್ಲಬೇಕು ಅನ್ನೋದಕ್ಕೆ ಈ ದೇಶದಲ್ಲಿ ಜಾತಿ ಇದ್ದೇ ಇದೆ. ತಮಟೆಯ ಚರಿತ್ರೆಯನ್ನು ತಾಳದ ಲೆಕ್ಕದಿಂದ ಮಾತ್ರ ಬರೆದರೆ ಸಾಲದು. ಈ ದೂರದ ಲೆಕ್ಕದಿಂದ ಬರೆಯಬೇಕು.

ಈ ಮಾತು ಈಗ ಯಾಕೆ ಬಂತು ಅಂದರೆ, ತಮಟೆ ಈಗ ಒಳಗೆ ಬರ್ತಾ ಇದೆ. ಬೆಂಗಳೂರಿನ ಯಡಿಯೂರು, ಜಯನಗರ, ಬನಶಂಕರಿ ಕಡೆ ನೂರಿನ್ನೂರು ಜನ ಕೂರುವ ಹಾಲುಗಳಲ್ಲಿ, ಪುಸ್ತಕ ಬಿಡುಗಡೆಗೋ ನಾಟಕಕ್ಕೋ ಜಯಂತಿಗೋ ತಮಟೆಯವರನ್ನು ಕರೀತಾರೆ. ಕರೆದ ಐದೇ ನಿಮಿಷಕ್ಕೆ ಒಂದು ಮಾತು ಬರುತ್ತೆ: "ಸ್ವಲ್ಪ ಮೆಲ್ಲಗೆ ಬಾರಿಸ್ರಪ್ಪ." ಮಾತು ಚಿಕ್ಕದು. ಅದರ ಹಿಂದಿನ ಚರಿತ್ರೆ ಚಿಕ್ಕದಲ್ಲ.

ಐದನೇ ಶತಮಾನದ ಮೊದಲಲ್ಲಿ ಚೀನಾದಿಂದ ಬಂದ ಬೌದ್ಧ ಭಿಕ್ಷು ಫಾಹಿಯಾನ್ ಮಧ್ಯದೇಶದಲ್ಲಿ ಕಂಡದ್ದನ್ನು ಬರೆದಿಟ್ಟಿದ್ದಾನೆ. ಚಂಡಾಲರು ಊರಾಚೆ ಇರಬೇಕು. ಪಟ್ಟಣದ ಬಾಗಿಲಿಗೋ ಸಂತೆಗೋ ಬರುವಾಗ ಮರದ ತುಂಡೊಂದನ್ನು ಬಡೀತಾ ಬರಬೇಕು. ಆ ಸದ್ದು ಕೇಳಿ ಮಿಕ್ಕವರು ಸರಿದುಕೊಳ್ಳುತ್ತಿದ್ದರು. ನಮ್ಮ ಸದ್ದಿನ ಬಗ್ಗೆ ಬರವಣಿಗೆಯಲ್ಲಿ ಸಿಗುವ ಹಳೆಯ ಸಾಕ್ಷಿಗಳಲ್ಲಿ ಇದೊಂದು. ಅದು ಸಂಗೀತ ಅಲ್ಲ, ಎಚ್ಚರಿಕೆ. ನಮ್ಮ ಮೈ ಅವರನ್ನು ಮುಟ್ಟುವ ಮೊದಲು ನಮ್ಮ ಸದ್ದು ಮುಟ್ಟಬೇಕಿತ್ತು. ತಮಿಳಿನಲ್ಲಿ ಪರೆ ಬಾರಿಸುವವರು ಪರೆಯರು. ಆ ಹೆಸರನ್ನೇ ಇಂಗ್ಲಿಷಿನವರು 'ಪರಯ್ಯ' ಮಾಡಿ, ಹೊರಗೆ ಹಾಕಿದವನು ಅನ್ನುವ ಅರ್ಥ ಕೊಟ್ಟು ನಿಘಂಟಿಗೆ ಸೇರಿಸಿಕೊಂಡರು. ಒಂದು ಚರ್ಮವಾದ್ಯದ ಹೆಸರು ಲೋಕಕ್ಕೆಲ್ಲ ಬೈಗುಳವಾಯ್ತು.

ನಮ್ಮ ಹಳ್ಳಿಗಳಲ್ಲಿ ತಮಟೆ ಬಾರಿಸೋದು ಕಲೆಯಾಗಿರಲಿಲ್ಲ, ಚಾಕರಿಯಾಗಿತ್ತು. ಮಾರಿಹಬ್ಬಕ್ಕೆ, ಜಾತ್ರೆಗೆ, ಸಾವಿಗೆ ಮಾದಿಗರೋ ಹೊಲೆಯರೋ ಬರಲೇಬೇಕು. ಊರಿಗೆ ಸುದ್ದಿ ಸಾರಲು ತೋಟಿ, ತಳವಾರ. ಕೂಲಿ ಅಂದರೆ ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಪಡೆಯುವ ಒಂದಿಷ್ಟು ಕಾಳು, ಹಬ್ಬದ ದಿನ ಮೇಲಿಂದ ಹಾಕುವ ಅನ್ನ. ಮೆರವಣಿಗೆಯ ಮುಂದೆ ನಾವು, ದೇವಸ್ಥಾನದ ಬಾಗಿಲು ಬಂದ ಕೂಡಲೆ ಹಿಂದೆ ನಾವು. ದೇವರಿಗೆ ನಮ್ಮ ಸದ್ದು ಬೇಕು, ನಾವು ಬೇಡ. ಸದ್ದು ಬೀದಿಯಿಂದ ಗರ್ಭಗುಡಿಗೆ ತಲುಪಬೇಕಾದರೆ ಜೋರಾಗಿ ಬಾರಿಸಲೇಬೇಕಲ್ಲ?

ಸರ್ಕಾರವೂ ಹೀಗೇ ನಡೆದುಕೊಂಡಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮ ನೋಡಿ. ಸ್ಥಿರಾಸ್ತಿ ಜಪ್ತಿಯಾದರೆ ಆ ಜಾಗದಲ್ಲಿ ತಮಟೆ ಹೊಡೆಸಿ ಅಥವಾ ವಾಡಿಕೆಯ ಬೇರೆ ರೀತಿಯಲ್ಲಿ ಸಾರಬೇಕು ಅಂತ ಅದರಲ್ಲಿದೆ. ಸಾಲಕ್ಕೆ ಸಿಕ್ಕವನ ಹೊಲ ಹೋಯ್ತು ಅಂತ ಊರಿಗೆ ಹೇಳಲು ಕಾನೂನಿಗೆ ತಮಟೆ ಬೇಕಿತ್ತು. ಅಲ್ಲಿ ಯಾರೂ ಮೆಲ್ಲಗೆ ಬಾರಿಸು ಅನ್ನಲಿಲ್ಲ. 1961ರಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಆಗಿ, 1963ರಿಂದ ವಂಶಪಾರಂಪರ್ಯದ ತೋಟಿತನ, ತಳವಾರಿಕೆ ಕಾಗದದ ಮೇಲೆ ಹೋದವು. ತಮಟೆ ಮಾತ್ರ ಕೇರಿಯ ಕೊರಳಲ್ಲೇ ಉಳೀತು.

ಈಗ ಇನ್ನೊಂದು ಮನೆಗೆ ಹೋಗೋಣ. ಯಡಿಯೂರಿನಿಂದ ದೂರವಿಲ್ಲದ ಕೆ.ಆರ್. ರಸ್ತೆಯಲ್ಲಿ ಬೆಂಗಳೂರು ಗಾಯನ ಸಮಾಜ ಇದೆ. ಹುಟ್ಟಿದ್ದು 1905ರಲ್ಲಿ. ಅಲ್ಲಿ ಕೇಳುವ ಮೃದಂಗವೂ ಚರ್ಮವೇ. ಹಲಸಿನ ಮರದ ಕೊಳಗಕ್ಕೆ ಹಸು, ಎಮ್ಮೆ, ಆಡಿನ ಚರ್ಮ ಕಟ್ಟುತ್ತಾರೆ. ಬಲಕ್ಕೆ ಕರಣೆ, ಎಡಕ್ಕೆ ನುಡಿಸುವ ಹೊತ್ತಿಗೆ ಮೆತ್ತುವ ರವೆ. ಕಡ್ಡಿ ಇಲ್ಲ, ಬೆರಳು ಮತ್ತು ಅಂಗೈ. ಹಾಡುವವನ ಪಕ್ಕದಲ್ಲಿ ಕೂತು, ಅವನ ದನಿ ಮುಳುಗದ ಹಾಗೆ ನುಡಿಸಬೇಕು. ಪಾಲ್ಘಾಟ್ ಮಣಿ ಅಯ್ಯರ್ ಅಂಥ ವಿದ್ವಾಂಸರು ಮೈಕೇ ಬೇಡ ಅಂತ ಕೆಲವು ಕಾಲ ಹಟ ಹಿಡಿದಿದ್ದರು. ಆ ಮೆಲುದನಿ ದೊಡ್ಡ ವಿದ್ಯೆ, ಅದನ್ನು ಹೀಗಳೆಯೋದು ನಮ್ಮ ಕೆಲಸ ಅಲ್ಲ. ಆದರೆ ಆ ವಿದ್ಯೆ ಬೆಳೆದದ್ದು ಹೇಗೆ? ನುಡಿಸುವವನಿಗೆ ಒಳಗೆ ಜಾಗ ಇತ್ತು, ಜಮಖಾನ ಇತ್ತು, ಮೂರು ಮಾರು ದೂರದಲ್ಲಿ ಕಿವಿಗೊಟ್ಟು ಕೂತ ಜನ ಇದ್ದರು.

ಅದೇ ಮೃದಂಗಕ್ಕೆ ಚರ್ಮ ಹದ ಮಾಡಿ ಕಟ್ಟಿಕೊಟ್ಟ ಕೈಗಳ ಕಥೆ ಬೇರೆ. ಟಿ.ಎಂ. ಕೃಷ್ಣ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅನ್ನುವ ಪುಸ್ತಕದಲ್ಲಿ ಆ ಕಥೆ ಬರೆದಿದ್ದಾರೆ. ಕಟ್ಟುವವರಲ್ಲಿ ಬಹಳ ಮಂದಿ ದಲಿತ ಕ್ರೈಸ್ತರು. ಮಣಿ ಅಯ್ಯರ್ ವಾದ್ಯ ಕಟ್ಟಿದ ಪರ್ಲಾಂದು ಅವರ ಹೆಸರು ಸಂಗೀತ ಕೇಳುವ ಎಷ್ಟು ಜನಕ್ಕೆ ಗೊತ್ತು? 2020ರಲ್ಲಿ ಆ ಪುಸ್ತಕದ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಮೊದಲು ಒಪ್ಪಿ, ಆಮೇಲೆ ಜಾಗ ಕೊಡಲಿಲ್ಲ. ಚರ್ಮ ಒಳಗೆ ಬರಬಹುದು, ಚರ್ಮದ ಮಾತು ಬರಬಾರದು! ಹನ್ನೆರಡನೇ ಶತಮಾನದ ಡೋಹರ ಕಕ್ಕಯ್ಯನನ್ನು ನೆನೆಯುವ ನಾಡು ನಮ್ಮದು. ಆದರೂ ಚರ್ಮ ಹದ ಮಾಡಿದವನು ಜಗುಲಿಯಿಂದಾಚೆಗೇ ಉಳಿದ.

ಇನ್ನು ಯಡಿಯೂರಿಗೆ ಬರೋಣ. ಹೆಸರಲ್ಲೇ ಊರಿದೆ, ಪಕ್ಕದಲ್ಲಿ ಕೆರೆಯಿದೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಬ್ಲಾಕು, ಮೇನು, ಕ್ರಾಸು ಅಂತ ಗೆರೆ ಎಳೆದ ಬಡಾವಣೆ ಬೆಳೆದು ಹಳೆಯ ಊರುಗಳನ್ನು ಸುತ್ತುವರಿದು ನುಂಗಿತು. ಬಯಲು ಹೋದ ಮೇಲೆ ಸದ್ದಿನ ಲೆಕ್ಕವೂ ಬದಲಾಯ್ತು. ಬಯಲಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತೆ. ಗೋಡೆ, ತಾರಸಿ, ಗಾಜಿನ ಕಿಟಕಿ ಇರುವ ಕಡೆ ಹಾಗೆ ಇಳಿಯೋದಿಲ್ಲ, ತಿರುಗಿ ಬಂದು ಕಿವಿಗೆ ಬಡಿಯುತ್ತೆ. ಊರ ಬಯಲಿಗೆ ಅಂತ ಹುಟ್ಟಿದ ವಾದ್ಯ ಇಪ್ಪತ್ತಡಿ ಕೋಣೆಗೆ ಬಂದರೆ ಕಿವಿ ನೋಯೋದು ನಿಜ. ಮೆಲ್ಲಗೆ ಅನ್ನುವವರೆಲ್ಲ ಜಾತಿವಾದಿಗಳು ಅಂತ ನಾನು ಹೇಳೋದಿಲ್ಲ. ಹಾಗೆ ಹೇಳಿದರೆ ನಮ್ಮ ಕಿವಿಗೇ ನಾವು ಸುಳ್ಳು ಹೇಳಿದ ಹಾಗೆ.

ಆದರೆ ಕಾನೂನು ಯಾರಿಗೆ ಎಷ್ಟು ತೂಗಿಕೊಡುತ್ತೆ ನೋಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಎದುರುಬದುರು ನಿಂತು ಮಾತಾಡಿದರೇ ಸುಮಾರು 60 ಆಗುತ್ತೆ. 2005ರಲ್ಲಿ ಸುಪ್ರೀಂ ಕೋರ್ಟು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಸಾರ್ವಜನಿಕ ತುರ್ತು ಸಂದರ್ಭ ಬಿಟ್ಟು, ಯಾರೂ ಡ್ರಮ್ಮನ್ನಾಗಲಿ ಟಮ್‌ಟಮ್ಮನ್ನಾಗಲಿ ಬಾರಿಸಬಾರದು ಅಂತ ಹೇಳಿತು. ಮಲಗಿದವರ ನಿದ್ದೆಗೆ ರಕ್ಷಣೆ ಬೇಕು, ಒಪ್ಪೋಣ. ನಮ್ಮ ಕೇರಿಯ ಮಕ್ಕಳಿಗೂ ಪರೀಕ್ಷೆ ಇದೆ. ಅದೇ ನಿಯಮಗಳಲ್ಲಿ ಇನ್ನೊಂದು ಬಾಗಿಲು ಇದೆ: ಧಾರ್ಮಿಕ, ಸಾಂಸ್ಕೃತಿಕ ಉತ್ಸವಗಳಿಗೆ ವರ್ಷಕ್ಕೆ 15 ದಿನದವರೆಗೆ ರಾತ್ರಿ 12ರ ತನಕ ಧ್ವನಿವರ್ಧಕಕ್ಕೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಪೆಂಡಾಲು ಹಾಕಿಸುವ ಶಕ್ತಿ ಇದ್ದವರಿಗೆ ಆ ಬಾಗಿಲು ಗೊತ್ತು. ಕಡ್ಡಿ ಹಿಡಿದವನಿಗೆ ಗೊತ್ತಿರೋದು ಪೊಲೀಸರ ಲಾಠಿ ಮಾತ್ರ.

ಸದ್ದಿಗೆ ಹೆದರಿದ ಆಳುವವರು ನಮ್ಮಲ್ಲಿ ಮಾತ್ರ ಇಲ್ಲ. 1739ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ಸ್ಟೋನೊದಲ್ಲಿ ಕರಿಯ ಗುಲಾಮರು ದಂಗೆ ಎದ್ದು, ಡ್ರಮ್ ಬಾರಿಸುತ್ತಾ ಜನ ಕೂಡಿಸಿದರು. ಮರುವರ್ಷವೇ, 1740ರಲ್ಲಿ, ಗುಲಾಮರು ಡ್ರಮ್ ಇಟ್ಟುಕೊಳ್ಳಬಾರದು, ಬಾರಿಸಬಾರದು ಅಂತ ಬಿಳಿಯರು ಕಾಯ್ದೆ ಮಾಡಿದರು. ಡ್ರಮ್ ಹೋಯ್ತು, ತಾಳ ಹೋಗಲಿಲ್ಲ. ಅವರು ತೊಡೆ ಬಡಿದರು, ಚಪ್ಪಾಳೆ ತಟ್ಟಿದರು, ನೆಲಕ್ಕೆ ಹಿಮ್ಮಡಿ ಹಾಕಿದರು. ಅವರ ಮಕ್ಕಳ ಮಕ್ಕಳು ಜಾಝ್ ಕಟ್ಟಿದರು. ಸಣ್ಣ ಕ್ಲಬ್ಬುಗಳಲ್ಲಿ ತಂತಿಯ ಬ್ರಶ್ಶಿನಿಂದ ಡ್ರಮ್ಮನ್ನು ಸವರಿ, ಪಿಸುಮಾತಿನಷ್ಟು ಸದ್ದಲ್ಲಿ ಜನರನ್ನು ಹಿಡಿದು ಕೂರಿಸಿದರು. ಹೆದರಿಸಿ ಬಾಯಿ ಮುಚ್ಚಿಸಿದ ಮೌನ ಒಂದು. ಬಲ್ಲವನು ಬೇಕೆಂದು ಇಳಿಸಿದ ದನಿ ಇನ್ನೊಂದು. ಎರಡನ್ನೂ ಒಂದೇ ಮಾಡಬಾರದು.

ನಮ್ಮೊಳಗೇ ಒಂದು ಜಗಳ ಇದೆ, ಅದನ್ನು ಮುಚ್ಚಿಡಬಾರದು. ತಮಟೆ ಗುಲಾಮಗಿರಿಯ ಗುರುತು, ಒಡೆದು ಹಾಕಬೇಕು ಅಂತ ಒಂದು ಮಾತು. 1927ರ ಮಹಾಡದಿಂದ ಈಚೆಗೆ ಬಾಬಾಸಾಹೇಬರು ಸತ್ತ ದನ ಹೊರಬೇಡಿ, ಹೀನ ಚಾಕರಿ ಬಿಡಿ ಅಂತ ಕರೆ ಕೊಟ್ಟರಲ್ಲ, ಈ ಮಾತಿನ ಬೇರು ಅಲ್ಲಿದೆ. ಸಾವಿಗೆ ಬಾರಿಸೋಲ್ಲ ಅಂದದ್ದಕ್ಕೆ ಬಹಿಷ್ಕಾರ ತಿಂದ ಕೇರಿಗಳಿವೆ. ಅವರ ನಿರಾಕರಣೆಗೆ ಕೈ ಮುಗೀತೇನೆ. ಇನ್ನೊಂದು ಮಾತು, ಎಪ್ಪತ್ತರ ದಶಕದಿಂದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಕೇಳಿದ್ದು. ಬೂಸಾ ಗಲಾಟೆ ಕಂಡವರು, ಸಿದ್ಧಲಿಂಗಯ್ಯನವರ ಹಾಡು ಕಲಿತವರು, ಹೋರಾಟದ ಮುಂದೆ ತಮಟೆ ಇಟ್ಟರು. ಸಾವಿಗೆ ಕರೆದಾಗ ಬಾರಿಸಲ್ಲ, ನ್ಯಾಯ ಕೇಳಲು ಹೊರಟಾಗ ಬಾರಿಸ್ತೀವಿ ಅಂದರು. ಎರಡೂ ಮಾತಲ್ಲಿ ಇರೋದು ಒಂದೇ: ಯಾವಾಗ, ಎಲ್ಲಿ, ಎಷ್ಟು ಅನ್ನೋದನ್ನ ಬಾರಿಸುವವನೇ ತೀರ್ಮಾನಿಸಬೇಕು. ಮೆಲ್ಲಗೆ ಬಾರಿಸುವ ಪ್ರಶ್ನೆಗೂ ಇದೇ ಉತ್ತರ.

ಮೆಲ್ಲಗೆ ಬಾರಿಸೋದು ತಮಟೆಗೆ ಬರೋದಿಲ್ಲ ಅನ್ನೋದು ಶುದ್ಧ ಸುಳ್ಳು. ನಮ್ಮಪ್ಪನಿಗೆ ಅಕ್ಷರ ಬರ್ತಿರಲಿಲ್ಲ. ಚರ್ಮ ಎಷ್ಟು ಕಾದಿದೆ ಅನ್ನೋದು ಬೆರಳಿಟ್ಟರೆ ಗೊತ್ತಾಗ್ತಿತ್ತು. ಹುಲ್ಲು, ಕಾಗದ ಉರಿಸಿ ಕಾಯಿಸಿದಷ್ಟೂ ಚರ್ಮ ಬಿಗಿಯುತ್ತೆ, ದನಿ ಏರುತ್ತೆ. ಜಾತ್ರೆಗೆ ಕಾಯಿಸಿದಷ್ಟು ಹಾಲಿಗೆ ಕಾಯಿಸಬೇಕಿಲ್ಲ. ಒಂದು ಕೈಯಲ್ಲಿ ಗಿಡ್ಡ ದಪ್ಪ ಕಡ್ಡಿ, ಇನ್ನೊಂದರಲ್ಲಿ ಉದ್ದನೆ ತೆಳ್ಳನೆ ಕಡ್ಡಿ. ದಪ್ಪ ಕಡ್ಡಿ ಕೆಳಗಿಟ್ಟು ತೆಳ್ಳನೆಯದರಿಂದಲೂ ಬರಿ ಬೆರಳಿಂದಲೂ ನುಡಿಸಿದರೆ ತಾಳ ಕೆಡೋದಿಲ್ಲ, ಸದ್ದು ಮಾತ್ರ ಇಳಿಯುತ್ತೆ. ತಮಟೆಯನ್ನು ಎದೆಗೆ ಒತ್ತಿಕೊಂಡರೆ ಗುಂಯ್ ಅನ್ನೋದು ನಿಲ್ಲುತ್ತೆ. ಹತ್ತು ಜನರ ಬದಲು ಇಬ್ಬರು ಸಾಕು. ಈಗ ಪೇಟೆಯಲ್ಲಿ ಸಿಗುವ ಫೈಬರ್ ಹೊದಿಕೆಯ ತಮಟೆಗೆ ಬೆಂಕಿ ಬೇಡ, ಮಳೆಗೆ ಹೆದರೋದಿಲ್ಲ. ಆದರೆ ಅದರ ಬಿಗಿ ಇಳಿಸಲು ಬೆಂಕಿಯ ಹದ ಇಲ್ಲ, ಕೋಣೆಯೊಳಗೆ ಅದು ಕಿರುಚುತ್ತೆ. ಸಣ್ಣ ಜಾಗಕ್ಕೆ ಚರ್ಮದ ತಮಟೆಯೇ ಮೇಲು.

ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆರು ದಶಕ ಬಾರಿಸಿದ ಕೈಗೆ ದೇಶ ಕೊಟ್ಟ ಮಾನ. ಸಂತೋಷ. ಆದರೆ ಒಬ್ಬರಿಗೆ ಪದಕ ಕೊಟ್ಟು, ಉಳಿದವರನ್ನು ಸಭೆಯ ಬಾಗಿಲಲ್ಲಿ ಅತಿಥಿಯ ಸ್ವಾಗತಕ್ಕೆ ಬಾರಿಸಲು ನಿಲ್ಲಿಸಿ, ಅತಿಥಿ ಒಳಗೆ ಹೋದ ಮೇಲೆ ಸಾಕು ಅನ್ನೋದು ಹಳೆಯ ಗರ್ಭಗುಡಿಯ ಲೆಕ್ಕವೇ ಅಲ್ಲವೇ?

ಆದ್ದರಿಂದ ಗೆಳೆಯರೇ, ಮುಂದಿನ ಸಲ ಯಡಿಯೂರು ಕಡೆಯ ಹಾಲಿಗೋ ನಿಮ್ಮೂರ ಶಾಲೆಯ ಕೋಣೆಗೋ ತಮಟೆಯವರನ್ನು ಕರೆದಾಗ ಇಷ್ಟು ಮಾಡಿ. ಆಹ್ವಾನಪತ್ರಿಕೆಯಲ್ಲಿ 'ತಮಟೆ ತಂಡ' ಅಂತ ಹಾಕಿ ಕೈ ತೊಳ್ಕೊಬೇಡಿ, ಅವರ ಹೆಸರು ಹಾಕಿ. ಹಾಡುಗಾರನಿಗೆ ಕೊಟ್ಟಷ್ಟೇ ಸಂಭಾವನೆ ಕೊಡಿ. ಕಾರ್ಯಕ್ರಮಕ್ಕೆ ಮೊದಲು ಹಾಲಿಗೆ ಕರೆಸಿ, ಬಾರಿಸಿ ನೋಡಲು ಅರ್ಧ ಗಂಟೆ ಬಿಡಿ, ಚರ್ಮ ಕಾಯಿಸಲು ಹಿತ್ತಲಲ್ಲಿ ಜಾಗ ತೋರಿಸಿ. ವೇದಿಕೆಯ ಮೇಲೆ ಕೂರಿಸಿ. ಮೇಷ್ಟ್ರುಗಳೇ, ತಮಟೆ ಕಲಿಸೋದಾದರೆ ಎಲ್ಲ ಜಾತಿಯ ಮಕ್ಕಳ ಕೈಗೂ ಕಡ್ಡಿ ಕೊಡಿ, ಕೇರಿಯ ಮಗುವನ್ನೇ ಹುಡುಕಿ ಕೊರಳಿಗೆ ಹಾಕಬೇಡಿ. ಇಷ್ಟಾದ ಮೇಲೆ "ಸ್ವಲ್ಪ ಮೆಲ್ಲಗೆ" ಅಂತ ಕೇಳಿ, ತಪ್ಪಿಲ್ಲ. ಆಗ ಅದು ಪಕ್ಕದಲ್ಲಿ ಕೂತವನ ಮಾತಾಗುತ್ತೆ, ಅದಕ್ಕೆ ಜವಾಬು ಕೊಡೋ ವಿದ್ಯೆ ನಮ್ಮವರ ಕೈಯಲ್ಲಿದೆ.