ಕಬ್ಬನ್ ಪಾರ್ಕಿನ ಅಂಗಳ, ಊರಾಚೆಯ ಗ್ಯಾಲರಿ

2008ರ ಮಾರ್ಚ್ 8, ಶನಿವಾರ. ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದಲ್ಲಿ ಅಂದು ಅಕ್ಕ ತಂಗಿಯರ ಸೆಮಿಫೈನಲ್. ಗೆಲುವಿಗೆ ಒಂದೇ ಪಾಯಿಂಟ್ ಬಾಕಿ ಇದ್ದಾಗ ಅಕ್ಕ ವೀನಸ್ ವಿಲಿಯಮ್ಸ್ ಅದನ್ನು ಕೈಬಿಟ್ಟರು. ತಂಗಿ ಸೆರೆನಾ 6-3, 3-6, 7-6ರಿಂದ ಗೆದ್ದು, ಮರುದಿನ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರ್ ಅವರನ್ನು 7-5, 6-3ರಿಂದ ಸೋಲಿಸಿ ಕಪ್ ಎತ್ತಿದರು. ಕೆನರಾ ಬ್ಯಾಂಕಿನ ಹೆಸರು ಹೊತ್ತ ಆ ಬೆಂಗಳೂರು ಓಪನ್‌ನ ಬಹುಮಾನದ ಮೊತ್ತ ಆರು ಲಕ್ಷ ಡಾಲರ್. ಆ ದರ್ಜೆಯ ಮಹಿಳಾ ಟೂರ್ನಿ ಈ ಊರಿಗೆ ಮತ್ತೆ ಬಂದಿಲ್ಲ.

ಅಂದು ಗ್ಯಾಲರಿಯಲ್ಲಿ ಕೂತು ನೋಡಿದವರಿಗೆ ಆಟ ಮುಗಿದ ಮೇಲೆ ಇನ್ನೊಂದು ಪಂದ್ಯ ಕಾದಿರುತ್ತಿತ್ತು: ಮನೆ ಸೇರುವುದು. ಮೆಟ್ರೊ ಇರಲಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದದ್ದು ಅದೇ ವರ್ಷದ ಮೇ 24ಕ್ಕೆ. ಅಲ್ಲಿಯವರೆಗೆ ವೈಟ್‌ಫೀಲ್ಡ್ ಕಡೆಗೆ ಹೊರಟವರು ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಓಡುವ ಟ್ಯಾಕ್ಸಿಗಳ ನಡುವೆಯೇ ತೆವಳಬೇಕು. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಸಂಚಾರಕ್ಕೆ ಸಿಕ್ಕಿದ್ದು 2010ರ ಜನವರಿಯಲ್ಲಿ. ಆ ಶನಿವಾರ ಹೊಸೂರು ರಸ್ತೆಯಲ್ಲಿ ಇದ್ದದ್ದು ಕಾಮಗಾರಿ, ದೂಳು ಮತ್ತು ಲಾರಿಗಳ ಸಾಲು. ಮೂರು ಸೆಟ್ಟಿನ ಪಂದ್ಯ ನೋಡಲು ಹಿಡಿದಷ್ಟೇ ಹೊತ್ತು ಸಿಲ್ಕ್ ಬೋರ್ಡ್ ದಾಟಲು ಹಿಡಿದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ.

ಬೆಂಗಳೂರಿನ ಟೆನಿಸ್ ಪ್ರೇಕ್ಷಕನ ಚರಿತ್ರೆಯೆಂದರೆ ಬಹುಪಾಲು ಈ ದೂರದ ಚರಿತ್ರೆ. ಅಂಗಳ ಊರಿನ ನಡುವೆ ಉಳಿಯಿತು. ಊರು ಅಂಚಿಗೆ ಬೆಳೆಯಿತು.

ಅಂಗಳ ನಡುವೆ ಉಳಿಯಲು ಕಾರಣ ಇಲ್ಲದಿಲ್ಲ. ಟೆನಿಸ್ ಇಲ್ಲಿಗೆ ಬ್ರಿಟಿಷ್ ದಂಡಿನ ಜೊತೆ ಬಂದ ಆಟ, ಕ್ಲಬ್ಬುಗಳ ಹುಲ್ಲಿನ ಮೇಲೆ ಬೇರೂರಿದ ಆಟ. ಈಗಿನ ಬೆಂಗಳೂರು ಕ್ಲಬ್ ಮತ್ತು ಬೌರಿಂಗ್ ಇನ್‌ಸ್ಟಿಟ್ಯೂಟ್ ಎರಡೂ ಶುರುವಾದದ್ದು 1868ರಲ್ಲಿ. ವಿಶ್ವೇಶ್ವರಯ್ಯನವರು 1917ರಲ್ಲಿ ಹುಟ್ಟುಹಾಕಿದ ಸೆಂಚುರಿ ಕ್ಲಬ್ಬಿನ ನೆಲೆಯೂ ಕಬ್ಬನ್ ಪಾರ್ಕೇ. ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳ ಇದೇ ಹಸಿರಿನೊಳಗೆ ಬಂತು. ಆಂಗ್ಲೋ-ಇಂಡಿಯನ್ನರ ನೆಲೆಯಾಗಿ 1882ರಲ್ಲಿ ಹುಟ್ಟಿದ ವೈಟ್‌ಫೀಲ್ಡ್ ಆಗ ದಂಡಿನಿಂದ ಬಲು ದೂರದ ಹಳ್ಳಿ. ಪೀಣ್ಯ ಇನ್ನೂ ಹೊಲ.

1976ರಲ್ಲಿ ಇಂಡಿಯನ್ ಓಪನ್ ಗ್ರ್ಯಾನ್ ಪ್ರಿ ಟೂರ್ನಿ ಬೆಂಗಳೂರಿಗೆ ಬಂತು. ಆ ಟೂರ್ನಿಗೆ ಸ್ವಂತ ಊರೆಂಬುದಿರಲಿಲ್ಲ. ದೆಹಲಿ, ಬೊಂಬಾಯಿ, ಕಲ್ಕತ್ತ ಸುತ್ತಿ ಇಲ್ಲಿಗೆ ತಲುಪಿತ್ತು. ಆಸ್ಟ್ರೇಲಿಯಾದ ಕಿಮ್ ವಾರ್ವಿಕ್ ಫೈನಲ್‌ನಲ್ಲಿ ಭಾರತದ ಶಶಿ ಮೆನನ್ ಅವರನ್ನು ಸೋಲಿಸಿದರು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಂಸ್ಥೆ ಕಿಯೋನಿಕ್ಸ್ ಸ್ಥಾಪನೆಯಾದದ್ದೂ ಅದೇ ವರ್ಷ. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಸಾಫ್ಟ್‌ವೇರಿನ ಮಾತು ಆಗಿನ್ನೂ ಇರಲಿಲ್ಲ; ಊರಾಚೆಯ ಪ್ರೇಕ್ಷಕನೆಂದರೆ ಎಚ್‌ಎಂಟಿ, ಐಟಿಐ, ಬಿಇಎಲ್ ಕ್ವಾರ್ಟರ್ಸ್‌ಗಳ ನೌಕರ. ಮುಂದೆ ಊರಿಗೆ ಟಿವಿ ಬಂದ ಮೇಲೆ, ಶಿಫ್ಟ್ ಮುಗಿಸಿ ಬಂದು ಅವನು ದೂರದರ್ಶನದಲ್ಲಿ ವಿಂಬಲ್ಡನ್ ಫೈನಲ್ ನೋಡಿದ್ದರೆ, ಆ ಕಪ್ಪು-ಬಿಳುಪು ಪೆಟ್ಟಿಗೆಯೊಳಗಿನ ಪಿಕ್ಚರ್ ಟ್ಯೂಬ್ ಪೀಣ್ಯದ ಪಕ್ಕದ ಜಾಲಹಳ್ಳಿಯ ಬಿಇಎಲ್‌ನಲ್ಲೇ ತಯಾರಾದದ್ದೂ ಇರಬಹುದಿತ್ತು.

ಅಂಗಳವನ್ನೂ ಅಂಚನ್ನೂ ಒಟ್ಟಿಗೆ ಕಟ್ಟಿದ ಒಬ್ಬ ಮನುಷ್ಯನನ್ನು ಹೆಸರಿಸುವುದಾದರೆ ಅದು ಎಸ್.ಎಂ. ಕೃಷ್ಣ. 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದ ಅವರ ಹೆಸರು ಐಟಿಯ ಜೊತೆ ಎಷ್ಟು ಅಂಟಿಕೊಂಡಿತೆಂದರೆ, ಅವರದೇ ಮದ್ದೂರಿನ ಕಡೆಯ ರೈತರು ಅದನ್ನೇ ಅವರ ಮೇಲಿನ ದೂರಾಗಿಯೂ ಹೇಳಿದರು. ಟೆನಿಸ್ ಅವರಿಗೆ ತೋರಿಕೆಯ ಹವ್ಯಾಸವಾಗಿರಲಿಲ್ಲ. ಸ್ವತಃ ಆಡುತ್ತಿದ್ದರು, ವಿಂಬಲ್ಡನ್ ಗ್ಯಾಲರಿಯಲ್ಲಿ ಕೂತು ನೋಡುತ್ತಿದ್ದರು, ರಾಜ್ಯ ಟೆನಿಸ್ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. 2024ರ ಡಿಸೆಂಬರ್ 10ರಂದು ಅವರು ತೀರಿಕೊಂಡ ಮೇಲೆ ಕಬ್ಬನ್ ಪಾರ್ಕಿನ ಕ್ರೀಡಾಂಗಣ ಎಸ್.ಎಂ. ಕೃಷ್ಣ ಟೆನಿಸ್ ಕ್ರೀಡಾಂಗಣವಾಯಿತು.

2006ರಿಂದ 2008ರವರೆಗಿನ ಮೂರು ವರ್ಷ ಮಹಿಳೆಯರ ಡಬ್ಲ್ಯುಟಿಎ ಟೂರ್ನಿ ಹೈದರಾಬಾದ್ ಬಿಟ್ಟು ಇಲ್ಲಿ ನಡೆಯಿತು. ಮೊದಲ ವರ್ಷ ಇಟಲಿಯ ಮಾರಾ ಸಾಂತಾಂಜೆಲೊ ಗೆದ್ದರು. ಎರಡನೆಯ ವರ್ಷ ಅವರನ್ನೇ ಫೈನಲ್‌ನಲ್ಲಿ ಸೋಲಿಸಿದವರು ಯಾರೊಸ್ಲಾವಾ ಶ್ವೆಡೋವಾ. ವಿಲಿಯಮ್ಸ್ ಸೋದರಿಯರು ಬಂದ ವರ್ಷ ಸಾನಿಯಾ ಮಿರ್ಜಾ ಆಡಲಿಲ್ಲ. ಅದೇ ವರ್ಷ ಪುರುಷರ ಎಟಿಪಿ ಟೂರ್ನಿಯೂ ಮುಂಬೈಯಿಂದ ಬೆಂಗಳೂರಿಗೆ ಬರುವುದಿತ್ತು. ಜುಲೈ 25ರ ಶುಕ್ರವಾರ ಮಡಿವಾಳ, ಆಡುಗೋಡಿ, ನಾಯಂಡಹಳ್ಳಿ ಮುಂತಾದೆಡೆ ಸರಣಿ ಸ್ಫೋಟಗಳಾದವು. ಭದ್ರತೆಯ ಕಾರಣ ಕೊಟ್ಟು ಟೂರ್ನಿಯನ್ನು ರದ್ದುಮಾಡಿದರು. 2009ರಲ್ಲಿ ಡಬ್ಲ್ಯುಟಿಎ ತನ್ನ ದರ್ಜೆಗಳ ಏರ್ಪಾಡನ್ನೇ ಬದಲಿಸಿತು. ಹೊಸ ವೇಳಾಪಟ್ಟಿಯಲ್ಲಿ ಬೆಂಗಳೂರಿನ ಹೆಸರಿರಲಿಲ್ಲ. ಒಂದೇ ವರ್ಷದ ಅಂತರದಲ್ಲಿ ಕೈಗೆ ಬಂದ ಎರಡೂ ತುತ್ತು ಬಾಯಿಗೆ ಬರಲಿಲ್ಲ.

ಆಮೇಲೆ ಟೂರ್ ಮಟ್ಟದ ಆಟ ನೋಡಬೇಕೆನಿಸಿದವರಿಗೆ ಉಳಿದ ದಾರಿ ಚೆನ್ನೈ. ಜನವರಿಯ ಮೊದಲ ವಾರ, ನುಂಗಂಬಾಕ್ಕಂ ಕ್ರೀಡಾಂಗಣ, ಎಟಿಪಿಯ ಚೆನ್ನೈ ಓಪನ್. ಇದೊಂದರಲ್ಲಿ ಎಲೆಕ್ಟ್ರಾನಿಕ್ ಸಿಟಿಯವರೇ ಅನುಕೂಲಸ್ಥರು: ಊರೊಳಗೆ ಕಾಲಿಡದೆ ಹೊಸೂರು ರಸ್ತೆ ಹಿಡಿದರೆ ಸಾಕು, ಬಸ್ಸು ಬೆಳಗಾಗುವಷ್ಟರಲ್ಲಿ ಚೆನ್ನೈ ಸೇರಿಸುತ್ತಿತ್ತು. ಸ್ಟಾನ್ ವಾವ್ರಿಂಕಾ ಅಲ್ಲಿ ನಾಲ್ಕು ಸಲ ಗೆದ್ದರು. ರಫೆಲ್ ನಡಾಲ್ 2008ರ ಫೈನಲ್‌ನಲ್ಲಿ ಮಿಖಾಯಿಲ್ ಯೂಝ್ನಿಗೆ 0-6, 1-6ರಿಂದ ಸೋತದ್ದೂ ಅಲ್ಲೇ. ಆ ಟೂರ್ನಿ 2018ರಲ್ಲಿ ಪುಣೆಗೆ ಹೋಯಿತು.

ಬೆಂಗಳೂರಿನ ಗ್ಯಾಲರಿ ಪೂರ್ತಿ ಗಂಟಲು ಬಿಚ್ಚಿದ್ದು ಮಾತ್ರ ಯಾವ ಓಪನ್‌ನಲ್ಲೂ ಅಲ್ಲ, ಡೇವಿಸ್ ಕಪ್‌ನಲ್ಲಿ. 2014ರ ಸೆಪ್ಟೆಂಬರ್ 12ರ ಶುಕ್ರವಾರ ಸರ್ಬಿಯಾ ತಂಡ ಅಂಗಳಕ್ಕಿಳಿಯಿತು. ಆ ದೇಶದ ತಾರೆ ಜೊಕೊವಿಚ್ ಬಂದಿರಲಿಲ್ಲ; ಬಾರದಿದ್ದರೂ ಮೊದಲ ದಿನದ ಎರಡೂ ಸಿಂಗಲ್ಸ್ ಭಾರತದ ಕೈಬಿಟ್ಟವು. ಶನಿವಾರ ಡಬಲ್ಸ್. ಲಿಯಾಂಡರ್ ಪೇಸ್ ಮತ್ತು ಕೊಡಗಿನ ರೋಹನ್ ಬೋಪಣ್ಣ ಮೊದಲ ಎರಡು ಸೆಟ್ ಸೋತರು. ಅಲ್ಲಿಂದ ಎದ್ದು ನೆನಾದ್ ಝಿಮೊನ್ಯಿಚ್–ಇಲಿಯಾ ಬೊಝೊಲ್ಯಾಚ್ ಜೋಡಿಯನ್ನು 1-6, 6-7, 6-3, 6-3, 8-6ರಿಂದ ಬಗ್ಗುಬಡಿದರು. ಐದನೇ ಸೆಟ್ಟಿಗೆ ಆಗ ಟೈಬ್ರೇಕ್ ಇರಲಿಲ್ಲ. ಎರಡು ಗೇಮ್‌ಗಳ ಅಂತರ ಸಿಗುವವರೆಗೆ ಆಡುತ್ತಲೇ ಇರಬೇಕು, ನೋಡುವವರು ಕೂತೇ ಇರಬೇಕು.

ಭಾನುವಾರ ಸೋಮದೇವ್ ದೇವವರ್ಮನ್ ಐದು ಸೆಟ್ ಆಡಿ ದುಶಾನ್ ಲಾಯೊವಿಚ್ ಅವರನ್ನು ಸೋಲಿಸಿದಾಗ ಪಂದ್ಯಗಳ ಲೆಕ್ಕ 2-2. ಟೆನಿಸ್ ಗ್ಯಾಲರಿಯಲ್ಲಿ ಸರ್ವ್ ಹೊತ್ತಿಗೆ ಉಸಿರು ಬಿಗಿಹಿಡಿದು ಕೂರುವುದು ರೂಢಿ. ಡೇವಿಸ್ ಕಪ್‌ನಲ್ಲಿ ಆ ರೂಢಿಗೆ ರಜೆ. ಡೋಲು, ಬಾವುಟ, ಪಾಯಿಂಟಿಗೊಂದು ಕೂಗು. ಪಾರ್ಕಿನ ಇನ್ನೊಂದು ಅಂಚಿನ ಚಿನ್ನಸ್ವಾಮಿ ಕ್ರೀಡಾಂಗಣದ ಗತ್ತು ಒಂದು ವಾರಾಂತ್ಯದ ಮಟ್ಟಿಗೆ ಇತ್ತ ದಾಟಿ ಬಂದಂತಿತ್ತು. ನಿರ್ಣಾಯಕ ಪಂದ್ಯದಲ್ಲಿ ಭಾರತದ ಯೂಕಿ ಭಾಂಬ್ರಿ ಒಂದು ಸೆಟ್ ಹಿಂದಿದ್ದಾಗ ಮಳೆ ಬಂತು. ಆಟ ಸೋಮವಾರಕ್ಕೆ ಹೋಯಿತು. ಐಟಿಪಿಎಲ್‌ನಲ್ಲಿ (ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿ) ಬೆಳಗಿನ ಮೀಟಿಂಗ್ ಇದ್ದವರಿಗೆ, ಪೀಣ್ಯದಲ್ಲಿ ಮೊದಲ ಶಿಫ್ಟಿನ ಹಾಜರಿ ಹಾಕಬೇಕಾದವರಿಗೆ ಸೆಪ್ಟೆಂಬರಿನ ಆ ಮಳೆಯಷ್ಟು ಕೆಟ್ಟ ಮಳೆ ಬೇರೆ ಇಲ್ಲ. ಫಿಲಿಪ್ ಕ್ರಾಯಿನೋವಿಚ್ ಮೂರೇ ಸೆಟ್‌ನಲ್ಲಿ ಗೆದ್ದರು, ಸರ್ಬಿಯಾ 3-2.

ಆ ವಾರಾಂತ್ಯ ಮೆಟ್ರೊ ಇತ್ತು, ಆದರೆ ತುಂಡುತುಂಡಾಗಿ. ಪೀಣ್ಯ ಇಂಡಸ್ಟ್ರಿಯಿಂದ ಹತ್ತಿದವರು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಇಳಿದು ಆಟೊ ಹುಡುಕಬೇಕು. ವೈಟ್‌ಫೀಲ್ಡ್‌ನವರು ಮೊದಲು ಬಸ್ಸಿನಲ್ಲಿ ಬೈಯಪ್ಪನಹಳ್ಳಿಗೆ ಬರಬೇಕು, ಅಲ್ಲಿಂದ ಎಂ.ಜಿ. ರಸ್ತೆ. ಕಬ್ಬನ್ ಪಾರ್ಕಿನ ನೆಲದಡಿಯ ನಿಲ್ದಾಣ ತೆರೆದದ್ದು 2016ರ ಏಪ್ರಿಲ್‌ನಲ್ಲಿ. ಹಾಗಾಗಿ 2017ರ ಏಪ್ರಿಲ್‌ನಲ್ಲಿ ಮಹೇಶ್ ಭೂಪತಿ ನಾಯಕತ್ವದ ತಂಡ ಉಜ್ಬೇಕಿಸ್ತಾನವನ್ನು 4-1ರಿಂದ ಸೋಲಿಸಿದಾಗ ಹೋಗಿಬರುವುದು ಕೊಂಚ ಹಗುರವಾಗಿತ್ತು.

ಈಗ ಇಲ್ಲಿ ಉಳಿದಿರುವುದು ಪುರುಷರ ಬೆಂಗಳೂರು ಓಪನ್, ಟೂರ್ ಮಟ್ಟಕ್ಕಿಂತ ಕೆಳಗಿನ ಚಾಲೆಂಜರ್ ದರ್ಜೆಯದು. ಸುಮಿತ್ ನಗಾಲ್ 2017ರಲ್ಲಿ, ಪ್ರಜ್ಞೇಶ್ ಗುಣೇಶ್ವರನ್ 2018ರಲ್ಲಿ ಇಲ್ಲಿ ಗೆದ್ದರು. ದೊಡ್ಡ ಹೆಸರುಗಳಿಲ್ಲ ಎಂದು ಮೂಗು ಮುರಿಯುವವರು ಒಂದನ್ನು ಮರೆಯುತ್ತಾರೆ: ಇಲ್ಲಿ ಪ್ರೇಕ್ಷಕ ಆಟಗಾರನ ಏದುಸಿರು ಕೇಳುವಷ್ಟು ಹತ್ತಿರ ಕೂರಬಹುದು, ಬೇಸ್‌ಲೈನಿನಲ್ಲಿ ಶೂ ಕಿರುಗುಟ್ಟುವುದನ್ನೂ ಕೇಳಬಹುದು. ಮೂರು ಸಾವಿರ ಅಡಿ ಎತ್ತರದ ತೆಳುಗಾಳಿಯಲ್ಲಿ ಚೆಂಡು ಕಡಲತೀರದ ಊರುಗಳಿಗಿಂತ ತುಸು ಬೇಗ ಚಿಮ್ಮುವುದು ಕಣ್ಣಿಗೇ ಕಾಣುತ್ತದೆ.

2023ರ ಫೆಬ್ರುವರಿಯಲ್ಲಿ ಆ ಗ್ಯಾಲರಿಗೆ ಬಂದ ಅತಿ ದೊಡ್ಡ ಪ್ರೇಕ್ಷಕ ಬ್ಯೋನ್ ಬೋರ್ಗ್, 1976ರಿಂದ 1980ರವರೆಗೆ ಸಾಲಾಗಿ ಐದು ವಿಂಬಲ್ಡನ್ ಗೆದ್ದವರು. ಮಗ ಲಿಯೊ ಇಲ್ಲಿ ಆಡುತ್ತಿದ್ದ. ಬೋರ್ಗ್ ಮತ್ತು ಭಾರತದ ಮಾಜಿ ಆಟಗಾರ ವಿಜಯ್ ಅಮೃತರಾಜ್ ಅವರಿಗೆ ಸನ್ಮಾನ ನಿಗದಿಯಾಗಿತ್ತು. ಅದನ್ನು ಮಾಡಬೇಕಿದ್ದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬರುವುದು ತಡವಾಯಿತು. ಲಿಯೊ ಅಂಗಳಕ್ಕಿಳಿದ. ಬೋರ್ಗ್ ಹಾರ-ಶಾಲುಗಳನ್ನು ಬಿಟ್ಟು ಮಗನ ಆಟ ನೋಡಲು ಹೋಗಿ ಕೂತರು. ಟೆನಿಸ್ ನೋಡುವುದೆಂದರೇನು ಎಂಬುದಕ್ಕೆ ಈ ಊರಿನಲ್ಲಿ ಸಿಗುವ ಉತ್ತಮ ಉದಾಹರಣೆ ಬಹುಶಃ ಇದೇ.

ಇತ್ತ ಎಲೆಕ್ಟ್ರಾನಿಕ್ ಸಿಟಿ ಆಟವನ್ನು ಬೇರೆಯೇ ಬಾಗಿಲಿನಿಂದ ಹೊಕ್ಕಿತ್ತು. 1983ರಲ್ಲಿ ಬೆಂಗಳೂರಿಗೆ ಬಂದು ಕೋನಪ್ಪನ ಅಗ್ರಹಾರದಲ್ಲಿ ತಳವೂರಿದ ಇನ್ಫೋಸಿಸ್ 2015ರಲ್ಲಿ ಎಟಿಪಿಯ ತಂತ್ರಜ್ಞಾನ ಪಾಲುದಾರನಾಯಿತು. 2019ರಿಂದ ಆಸ್ಟ್ರೇಲಿಯನ್ ಓಪನ್ ಮತ್ತು ಫ್ರೆಂಚ್ ಓಪನ್ ಕೂಡ ಸೇರಿದವು. 2023ರಲ್ಲಿ ನಡಾಲ್ ಮತ್ತು ಇಗಾ ಶ್ವಿಯಾಂಟೆಕ್ ಕಂಪನಿಯ ರಾಯಭಾರಿಗಳಾದರು. ಪ್ರತಿ ಪಾಯಿಂಟಿನ ಏರಿಳಿತವನ್ನು ಚಿತ್ರವಾಗಿಸುವ ಮ್ಯಾಚ್‌ಬೀಟ್ಸ್, ಚೆಂಡು ಎಲ್ಲಿ ಬಿತ್ತೆಂದು ತೋರಿಸುವ ಕೋರ್ಟ್‌ವಿಷನ್ ಆ ಪಾಲುದಾರಿಕೆಯ ಫಲ. ಇದರಲ್ಲಿ ವ್ಯಂಗ್ಯವೊಂದಿದೆ. ಹೊರವರ್ತುಲದ ದುಡ್ಡು, ಬುದ್ಧಿ ಎರಡೂ ಮೆಲ್ಬರ್ನ್, ಪ್ಯಾರಿಸ್ ತಲುಪಿದವು. ಬೆಂಗಳೂರಿಗೆ ಮಾತ್ರ ಒಂದು ಟೂರ್ ಪಂದ್ಯಾವಳಿಯನ್ನು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಭದ್ರತೆಯ ಕಾರಣ 2008ಕ್ಕೆ ಒಪ್ಪತಕ್ಕದ್ದೇ. ಆಮೇಲಿನ ವರ್ಷಗಳಿಗೆ ಅದು ಒಪ್ಪುವ ಕಾರಣವಲ್ಲ.

2024ರ ಜನವರಿ 27ರಂದು ಮೆಲ್ಬರ್ನಿನ ರಾಡ್ ಲೇವರ್ ಅರೇನಾದಲ್ಲಿ 43ರ ಬೋಪಣ್ಣ, ಮ್ಯಾಥ್ಯೂ ಎಬ್ಡೆನ್ ಜೊತೆ ಡಬಲ್ಸ್ ಫೈನಲ್ ಗೆದ್ದರು: 7-6, 7-5. ಅದೇ ಟೂರ್ನಿಯ ಆಟದಿಂದ, ಡಬಲ್ಸ್‌ನಲ್ಲಿ ಮೊದಲ ಸಲ ವಿಶ್ವದ ನಂಬರ್ ಒನ್ ಆದವರಲ್ಲಿ ಅತಿ ಹಿರಿಯರೆನಿಸಿದರು. ಕೊಡಗಿನವನ ಸರ್ವ್ ಮೆಲ್ಬರ್ನಿನಲ್ಲಿ, ಅದರ ಅಂಕಿಅಂಶ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬೇರು ಬಿಟ್ಟ ಕಂಪನಿಯ ತಂತ್ರಜ್ಞಾನದಲ್ಲಿ.

ಊರೊಳಗಿನ ದೂರವಾದರೂ ಕಡಿಮೆಯಾಗಿದೆ. ವೈಟ್‌ಫೀಲ್ಡ್–ಕೆ.ಆರ್. ಪುರ ಮೆಟ್ರೊ 2023ರ ಮಾರ್ಚ್ 25ರಂದು, ಬೋರ್ಗ್ ಬಂದುಹೋದ ತಿಂಗಳಿಗೆ, ಉದ್ಘಾಟನೆಯಾಯಿತು. ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯವರೆಗಿನ ಕೊಂಡಿ ಕೂಡಿಕೊಂಡಿತು. ಈಗ ಕಾಡುಗೋಡಿಯಲ್ಲಿ ಹತ್ತಿದರೆ ನೇರ ಕಬ್ಬನ್ ಪಾರ್ಕ್. ಪೀಣ್ಯದವರು ಮೆಜೆಸ್ಟಿಕ್‌ನಲ್ಲಿ ಒಮ್ಮೆ ಬದಲಿಸಬೇಕು. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಉದ್ಘಾಟನೆಯಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರಿಗೂ ಹಳಿ ಸಿಕ್ಕಿತು, ಆರ್.ವಿ. ರಸ್ತೆಯಲ್ಲೊಮ್ಮೆ, ಮೆಜೆಸ್ಟಿಕ್‌ನಲ್ಲೊಮ್ಮೆ ಬದಲಿಸುವ ಷರತ್ತಿನೊಂದಿಗೆ. ಅದೇ ವರ್ಷದ ನವೆಂಬರ್‌ನಲ್ಲಿ ಮಹಿಳಾ ತಂಡಗಳ ಬಿಲ್ಲಿ ಜೀನ್ ಕಿಂಗ್ ಕಪ್ ಪ್ಲೇ-ಆಫ್‌ಗೆ ನೆದರ್ಲೆಂಡ್ಸ್, ಸ್ಲೊವೇನಿಯಾ ತಂಡಗಳು ಬಂದವು. ಡಿಸೆಂಬರ್‌ನಲ್ಲಿ ವರ್ಲ್ಡ್ ಟೆನಿಸ್ ಲೀಗ್‌ನ ಹೆಸರಿನಲ್ಲಿ ಮೆಡ್ವೆಡೆವ್, ಮೊನ್‌ಫಿಸ್ ಆಡಿದರು. ಅದು ಪ್ರದರ್ಶನ ಪಂದ್ಯ, ರ್‍ಯಾಂಕಿಂಗ್ ಅಂಕಗಳಿಲ್ಲ. ಟೂರ್ ಮಟ್ಟದ ಆಟಕ್ಕೆ ಈಗಲೂ ಹೊರಗೇ ಹೋಗಬೇಕು. ಚೆನ್ನೈಯಿಂದ ಪುಣೆಗೆ ಹೋದ ಎಟಿಪಿ ಟೂರ್ನಿ 2023ಕ್ಕೆ ನಿಂತಿತು. ಮಹಿಳೆಯರ ಡಬ್ಲ್ಯುಟಿಎ ಟೂರ್ನಿ 2025ರಲ್ಲಿ ಮತ್ತೆ ನುಂಗಂಬಾಕ್ಕಂಗೆ ಬಂತು. ಎಲೆಕ್ಟ್ರಾನಿಕ್ ಸಿಟಿಯಿಂದ ರಸ್ತೆ ಹಿಡಿದು ಅತ್ತ ಹೊರಡುವವರು ಈಗಲೂ ಬೊಮ್ಮಸಂದ್ರ ದಾಟಿ ಅತ್ತಿಬೆಲೆಯ ಟೋಲ್ ಹಾಯ್ದೇ ಹೋಗಬೇಕು.