ಅಪ್ಲಿಕೇಷನ್ ಸರ್ವರ್: ಸಮಾನ ಮಾನದಂಡ ಮತ್ತು ಒಡೆತನದ ಪ್ರಶ್ನೆ

ಅಂತರಜಾಲದ ಮೂಲಕ ಬಂದ ಕೋರಿಕೆಯನ್ನು ಸ್ವೀಕರಿಸಿ, ದತ್ತಾಂಶವನ್ನು ಹುಡುಕಿ, ಉತ್ತರವನ್ನು ಹಿಂದಿರುಗಿಸುವ ತಂತ್ರಾಂಶಗಳಿಗೆ ನೆಲೆಯೊದಗಿಸುವ ವ್ಯವಸ್ಥೆಯೇ ಅಪ್ಲಿಕೇಷನ್ ಸರ್ವರ್. 1990ರ ದಶಕದ ಉತ್ತರಾರ್ಧದಲ್ಲಿ ಹಲವು ಸಂಸ್ಥೆಗಳು ಇದನ್ನು ತಮ್ಮದೇ ರೀತಿಯಲ್ಲಿ ನಿರ್ಮಿಸತೊಡಗಿದವು. ಒಂದು ಸರ್ವರಿಗಾಗಿ ಬರೆದ ತಂತ್ರಾಂಶವನ್ನು ಮತ್ತೊಂದರಲ್ಲಿ ನಡೆಸಬೇಕಾದರೆ ಬಹುಭಾಗವನ್ನು ಪುನಃ ಬರೆಯಬೇಕಾಗುತ್ತಿತ್ತು. ಹೀಗೆ ಕೊಂಡವರು ಮಾರಿದವರಿಗೆ ಅಧೀನರಾಗುತ್ತಿದ್ದರು.

ಈ ಪರಾಧೀನತೆಗೆ ಪರಿಹಾರವೆಂಬಂತೆ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1999ರ ಡಿಸೆಂಬರಿನಲ್ಲಿ ಜೆ2ಇಇ ಮಾನದಂಡವನ್ನು ಪ್ರಕಟಿಸಿತು. ಬಿಇಎ ಸಂಸ್ಥೆಯ ವೆಬ್‌ಲಾಜಿಕ್, ಐಬಿಎಂನ ವೆಬ್‌ಸ್ಫಿಯರ್ ಮೊದಲಾದವು ಇದನ್ನು ಅಂಗೀಕರಿಸಿದವು. ಆದರೆ ಮಾನದಂಡವು ಮೌನವಾಗಿದ್ದ ಎಡೆಗಳಲ್ಲಿ ಹಳೆಯ ಬಂಧ ಉಳಿದುಕೊಂಡಿತು. ತಂತ್ರಾಂಶದ ಯಾವ ಅಂಶವು ದತ್ತಸಂಚಯದ ಯಾವ ಕೋಷ್ಟಕಕ್ಕೆ ಹೊಂದಬೇಕೆಂಬುದನ್ನು ಆರಂಭದ ಆವೃತ್ತಿಗಳು ನಿರ್ದಿಷ್ಟಪಡಿಸಿರಲಿಲ್ಲ. ಅದನ್ನು ಆಯಾ ಸರ್ವರಿನ ಪ್ರತ್ಯೇಕ ಕಡತಗಳಲ್ಲಿಯೇ ಬರೆಯಬೇಕಿತ್ತು. ನಿರ್ವಹಣೆಯ ವಿಧಾನಗಳೂ ಸಿಬ್ಬಂದಿಯ ಪರಿಣತಿಯೂ ಸರ್ವರಿನಿಂದ ಸರ್ವರಿಗೆ ಬೇರೆಯಾಗಿದ್ದವು.

ಇನ್ನೊಂದು ಮಾರ್ಗವು ಮುಕ್ತ ತಂತ್ರಾಂಶದ್ದು. 1999ರಲ್ಲಿ ಸನ್ ಸಂಸ್ಥೆಯು ಅಪಾಚೆ ಪ್ರತಿಷ್ಠಾನಕ್ಕೆ ನೀಡಿದ ಆಕರ ಸಂಕೇತದಿಂದ ಟಾಮ್‌ಕ್ಯಾಟ್ ರೂಪುಗೊಂಡಿತು. ಮುಕ್ತ ಸರ್ವರಾದ ಜೆಬಾಸ್ 2004ರಲ್ಲಿ ಜೆ2ಇಇ ಮನ್ನಣೆ ಪಡೆಯಿತು. ಅದೇ ವರ್ಷ ಸ್ಪ್ರಿಂಗ್ ಚೌಕಟ್ಟಿನ 1.0 ಆವೃತ್ತಿಯು ಹೊರಬಂದಿತು. ಹಗುರವಾದ ಟಾಮ್‌ಕ್ಯಾಟ್‌ನಲ್ಲಿಯೇ ದೊಡ್ಡ ವ್ಯವಸ್ಥೆಗಳನ್ನು ನಡೆಸಲು ಇದು ಅನುವು ಮಾಡಿತು. ಆದರೆ ಸರ್ವರಿನಿಂದ ಬಿಡಿಸಿಕೊಂಡ ತಂತ್ರಾಂಶವು ಈಗ ಚೌಕಟ್ಟನ್ನು ಅವಲಂಬಿಸಿತೆಂಬುದು ಗಮನಾರ್ಹ.

ಈ ನಡುವೆ ಒಡೆತನಗಳೂ ಬದಲಾದವು. ಜೆಬಾಸ್ 2006ರಲ್ಲಿ ರೆಡ್ ಹ್ಯಾಟ್‌ಗೆ, ಬಿಇಎ 2008ರಲ್ಲಿ ಹಾಗೂ ಸನ್ 2010ರಲ್ಲಿ ಒರಾಕಲ್‌ಗೆ ಸೇರಿದವು. ಸನ್ ಸಂಸ್ಥೆಯೊಡನೆ ಮಾನದಂಡದ ಹೆಸರಿನ ಹಕ್ಕೂ ಹಸ್ತಾಂತರವಾಯಿತು. ಇದರ ಪರಿಣಾಮವು ಬೆಳಕಿಗೆ ಬಂದದ್ದು ತಡವಾಗಿ. 2017ರಲ್ಲಿ ಒರಾಕಲ್ ಈ ಮಾನದಂಡವನ್ನು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸಲು ನಿರ್ಧರಿಸಿತಾದರೂ ಜಾವಾ ಎಂಬ ವ್ಯಾಪಾರಮುದ್ರೆಯನ್ನು ತನ್ನಲ್ಲಿಯೇ ಉಳಿಸಿಕೊಂಡಿತು. 2018ರಲ್ಲಿ ಜಕಾರ್ತಾ ಇಇ ಎಂಬ ಹೊಸ ಹೆಸರು ಬಂದಿತು. ‘ಜಾವಾಎಕ್ಸ್’ ಎಂದು ಆರಂಭವಾಗುವ ಸಂಕೇತನಾಮಗಳನ್ನು ಮಾರ್ಪಡಿಸಿ ಬೆಳೆಸುವ ಬಗ್ಗೆ ಒಪ್ಪಂದ ಏರ್ಪಡಲಿಲ್ಲವೆಂದು 2019ರ ಮೇ ತಿಂಗಳಲ್ಲಿ ಪ್ರಕಟವಾಯಿತು. 2020ರ ಡಿಸೆಂಬರಿನ ಜಕಾರ್ತಾ ಇಇ 9ರಲ್ಲಿ ಅವೆಲ್ಲವೂ ‘ಜಕಾರ್ತಾ’ ಎಂದು ಬದಲಾದವು. ಯಾವ ಮಾರಾಟಗಾರನ ವಿಶೇಷ ಸೌಲಭ್ಯವನ್ನೂ ಬಳಸದೆ ಮಾನದಂಡವನ್ನೇ ನಂಬಿದ್ದವರು ಕೂಡ ಹೊಸ ಆವೃತ್ತಿಗೆ ಸಾಗಲು ತಮ್ಮ ತಂತ್ರಾಂಶವನ್ನು ತಿದ್ದಬೇಕಾಯಿತು.

ಆದಾಗ್ಯೂ ಮಾನದಂಡವು ನಿಷ್ಫಲವಾಯಿತೆನ್ನುವಂತಿಲ್ಲ. ಹೆಸರುಗಳ ಈ ಬದಲಾವಣೆಯ ಬಹುಭಾಗವನ್ನು ಯಾಂತ್ರಿಕವಾಗಿ ನೆರವೇರಿಸುವ ಸಾಧನಗಳನ್ನು ಸಿದ್ಧಪಡಿಸುವುದು ಸಾಧ್ಯವಾಯಿತು. ಒಂದೇ ಸಂಸ್ಥೆಯ ವಿಶೇಷ ಸೌಲಭ್ಯಗಳ ಮೇಲೆ ಕಟ್ಟಿದ ವ್ಯವಸ್ಥೆಯನ್ನು ಬೇರೆಡೆಗೆ ಒಯ್ಯುವುದು ಅಷ್ಟು ಸುಲಭವಲ್ಲ. ಸರ್ವರಿನ ಆಯ್ಕೆಯಲ್ಲಿ ಸ್ವಾತಂತ್ರ್ಯವನ್ನು ಅಳೆಯುವಾಗ ಅದು ಮಾನದಂಡಕ್ಕೆ ಬದ್ಧವಾಗಿದೆಯೇ ಎಂದು ಕೇಳಿದರೆ ಸಾಲದು, ಆ ಮಾನದಂಡದ ಒಡೆತನ ಯಾರಲ್ಲಿದೆ ಎಂಬುದನ್ನೂ ವಿಚಾರಿಸಬೇಕಾಗುತ್ತದೆಂಬುದು ಈ ಎರಡು ದಶಕಗಳ ಇತಿಹಾಸದಿಂದ ವ್ಯಕ್ತವಾಗುತ್ತದೆ.